ಮೋಟಾರು ಮನೆಯ ಎಣ್ಣೆಮಟ್ಟ
ದ್ರವದ ಒತ್ತಡದಿಂದ ಕೆಲಸ ಮಾಡುವ ಪ್ರೆಸ್‌ಗೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ. 1920ರ ದಶಕದಲ್ಲಿ ಅದೇ ತತ್ವ ಕಾರುಗಳ ಬ್ರೇಕಿಗೆ ಬಂತು. ಅಮೆರಿಕದ ಅಯೋವಾದಲ್ಲಿ ವಿನ್ನೆಬೇಗೊ ಕಂಪನಿ 1966ರಲ್ಲಿ ಮೋಟಾರು ಮನೆಗಳನ್ನು, ಅಂದರೆ ಒಳಗೇ ವಾಸಿಸಬಹುದಾದ ಗಾಡಿಗಳನ್ನು, ತಯಾರಿಸತೊಡಗಿತು. ಇಂಥ ಗಾಡಿಗಳು ದೊಡ್ಡವಾದಂತೆ ಅವನ್ನು ಮಟ್ಟಸವಾಗಿ ನಿಲ್ಲಿಸಲು ಅದೇ ದ್ರವದೊತ್ತಡದ ತತ್ವದ ಹೈಡ್ರಾಲಿಕ್ ಜಾಕ್‌ಗಳು, 1990ರ ದಶಕದಲ್ಲಿ ಗೋಡೆಯನ್ನೇ ಹೊರಸರಿಸಿ ಕೋಣೆ ಹಿಗ್ಗಿಸುವ ಸ್ಲೈಡ್‌ಔಟ್‌ಗಳು ಬಳಕೆಗೆ ಬಂದವು.

ಈ ಜಾಕ್‌ಗಳನ್ನು ನಡೆಸುವ ಎಣ್ಣೆಯ ಮಟ್ಟ ನೋಡುವ ಪದ್ಧತಿ ರೂಪುಗೊಂಡದ್ದು ಅವು ಕೆಲಸ ಮಾಡುವ ಬಗೆಯಿಂದಲೇ. ಜಾಕ್ ಚಾಚಿದಾಗ ಟ್ಯಾಂಕಿನ ಎಣ್ಣೆ ಸಿಲಿಂಡರಿಗೆ ಹೋಗಿ ಮಟ್ಟ ಇಳಿದಂತೆ ಕಾಣುತ್ತದೆ. ಆಗ ತುಂಬಿಸಿದರೆ, ಜಾಕ್ ಒಳಗೆ ಸರಿದಾಗ ಎಣ್ಣೆ ಉಕ್ಕಿ ಚೆಲ್ಲುತ್ತದೆ. ಆದ್ದರಿಂದ ಸಾಮಾನ್ಯವಾಗಿ ಜಾಕ್, ಸ್ಲೈಡ್‌ಔಟ್ ಎಲ್ಲವನ್ನೂ ಒಳಗೆಳೆದ ಮೇಲೆಯೇ ಮಟ್ಟ ಅಳೆಯುತ್ತಾರೆ. ಹಲವು ಗಾಡಿಗಳಲ್ಲಿ ಇದಕ್ಕೆ ಬಳಸುವುದು ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಎಣ್ಣೆಯನ್ನೇ. ಸೋರಿದರೆ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಮಟ್ಟ ಪದೇಪದೇ ಇಳಿಯುತ್ತಿದ್ದರೆ ಎಣ್ಣೆ ಸುರಿಯುತ್ತಾ ಹೋಗುವುದು ತಪ್ಪು. ಸೋರುವ ಜಾಗವನ್ನು ಹುಡುಕಬೇಕು.