ಮುಂದಿನ ಸಾಲಿನವರು ಬರೆದ ಚರಿತ್ರೆ

ಪುಣೆಯ ನಮ್ಮ ಮನೆಯ ಕಪಾಟಿನ ಒಂದು ಅರೆಯಲ್ಲಿ ಹೆವಿ ಮೆಟಲ್ ಸಂಗೀತದ ಪುಸ್ತಕಗಳೂ ನನ್ನ ಕ್ಯಾಮೆರಾ, ಲೆನ್ಸುಗಳೂ ಒಟ್ಟಿಗೇ ಇವೆ. ಎರಡಕ್ಕೂ ಏನು ಸಂಬಂಧ ಎಂದು ಬಂದವರು ಕೇಳುತ್ತಾರೆ. "ಎರಡಕ್ಕೂ ದುಡ್ಡು ಸುರಿದಿದ್ದಾರೆ, ಅದೇ ಸಂಬಂಧ" ಎನ್ನುವುದು ಹೆಂಡತಿಯ ಉತ್ತರ. ನನ್ನ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ಸಂಗೀತದ ಕಥೆಯನ್ನು ಹೆಚ್ಚಿನವರು ಶುರು ಮಾಡುವುದು 1970ರ ಫೆಬ್ರವರಿ 13ರಂದು. ಅಂದು ಶುಕ್ರವಾರ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ನಾಲ್ವರು ಹುಡುಗರ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ ಅಂದು ಹೊರಬಂತು. ಹಾಡು ಕೇಳುವ ಮೊದಲೇ ಜನರನ್ನು ಹೆದರಿಸಿದ್ದು ಅದರ ಹೊದಿಕೆಯ ಚಿತ್ರ. ಹಳೆಯ ನೀರುಗಿರಣಿ, ಒಣಗಿದ ಗಿಡಗಳು, ಅವುಗಳ ನಡುವೆ ಕಪ್ಪು ಬಟ್ಟೆಯ ಹೆಂಗಸು, ಎಲ್ಲಕ್ಕೂ ರೋಗ ಹತ್ತಿದಂಥ ಗುಲಾಬಿ ಬಣ್ಣ. ಆ ಹೆಂಗಸು ದೆವ್ವವೆಂದೂ ಚಿತ್ರ ತೆಗೆಯುವಾಗ ಅಲ್ಲಿ ಯಾರೂ ಇರಲಿಲ್ಲವೆಂದೂ ಅಭಿಮಾನಿಗಳು ವರ್ಷಗಟ್ಟಲೆ ಕಥೆ ಕಟ್ಟಿದರು. ಆಕೆ ಒಬ್ಬ ರೂಪದರ್ಶಿ. ಜಾಗ ಆಕ್ಸ್‌ಫರ್ಡ್‌ಶೈರ್‌ನ ಮೇಪಲ್‌ಡರಮ್ ಗಿರಣಿ. ತೆಗೆದವರು ಕೀತ್ ಮ್ಯಾಕ್‌ಮಿಲನ್. ಆ ಬಣ್ಣ ಬಂದದ್ದು ಇನ್‌ಫ್ರಾರೆಡ್ ಫಿಲ್ಮ್‌ನಿಂದ. ವಿಮಾನದಿಂದ ನೆಲದ ಚಿತ್ರ ತೆಗೆಯಲೆಂದು ಮಾಡಿದ ಈ ಬಗೆಯ ಫಿಲ್ಮ್, ಹಸಿರೆಲೆಗಳು ಚೆಲ್ಲುವ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಕೆಂಪಾಗಿ ತೋರಿಸುತ್ತದೆ. ದೆವ್ವದ ಕೆಲಸವೆಂದು ಜನ ನಂಬಿದ್ದು ರಸಾಯನಶಾಸ್ತ್ರದ ಕೆಲಸ.

ಒಳಗಿನ ಸದ್ದಿನ ಕಥೆಯೂ ಹೀಗೆಯೇ. ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಅವರು ಎಡಚರು, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು, ಮೇಲೆ ಚರ್ಮ ಅಂಟಿಸಿಕೊಂಡು, ತೆಳು ತಂತಿ ಹಾಕಿ ಮತ್ತೆ ನುಡಿಸಿದರು. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಹೊತ್ತಿಗೆ ತಂತಿಗಳ ಶ್ರುತಿಯನ್ನೂ ಇಳಿಸಿದರು. ಸಡಿಲ ತಂತಿಯ ಆ ಭಾರವಾದ ಸದ್ದೇ ಮುಂದೆ ಒಂದು ಪ್ರಕಾರದ ಗುರುತಾಯಿತು. ಇದೆಲ್ಲ ಅವರ ಆತ್ಮಕಥೆ 'ಐರನ್ ಮ್ಯಾನ್'ನಲ್ಲಿದೆ (2011). ಅದಕ್ಕಿಂತ ಎರಡು ವರ್ಷ ಮೊದಲು ಬಂದ ಓಝಿ ಆಸ್ಬರ್ನ್‌ರ 'ಐ ಆಮ್ ಓಝಿ' ಇದಕ್ಕಿಂತ ಜನಪ್ರಿಯ. ನಗಬೇಕೆಂದರೆ ಓಝಿಯನ್ನು ಓದಿ. ಸದ್ದು ಹೇಗೆ ಹುಟ್ಟಿತು ಎಂದು ತಿಳಿಯಬೇಕೆಂದರೆ ಅಯೋಮಿಯನ್ನು ಓದಿ.

ವಿದ್ವಾಂಸರು ಈ ಸಂಗೀತದ ಕಡೆ ತಿರುಗಿದ್ದು ತಡವಾಗಿ. 1985ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಈ ಹಾಡುಗಳು ಮಕ್ಕಳನ್ನು ಕೆಡಿಸುತ್ತವೆಯೇ ಎಂಬ ವಿಚಾರಣೆ ನಡೆದಿತ್ತು. ಆ ಗಲಾಟೆಯ ನಂತರ ಬಂದ ಎರಡು ಪುಸ್ತಕಗಳು ಇಂದಿಗೂ ಉಪಯುಕ್ತ. ಡೀನಾ ವೈನ್‌ಸ್ಟೀನ್ (1991) ಈ ಅಭಿಮಾನಿಗಳ ಲೋಕವನ್ನು ಸಮಾಜಶಾಸ್ತ್ರಜ್ಞೆಯಾಗಿ ನೋಡಿದರು. ರಾಬರ್ಟ್ ವಾಲ್ಸರ್ (1993) ಮೆಟಲ್ ಗಿಟಾರ್ ವಾದನದಲ್ಲಿ ಬಾಖ್, ವಿವಾಲ್ಡಿಯವರ ಜಾಡು ಹುಡುಕಿದರು. ಹೊಸಬರಿಗೆ ನಾನು ಕೊಡುವುದು ಇಯಾನ್ ಕ್ರಿಸ್ಟಿಯವರ 'ಸೌಂಡ್ ಆಫ್ ದ ಬೀಸ್ಟ್' (2003). ಸರಾಗವಾಗಿ ಓದಿಸಿಕೊಳ್ಳುತ್ತದೆ.

ಆದರೆ ಮನೆಗೆ ಬೆಂಕಿ ಬಿದ್ದರೆ ನಾನು ಮೊದಲು ಎತ್ತಿಕೊಳ್ಳುವ ಪುಸ್ತಕ ಬೇರೆ. ಅದು ಹರಾಲ್ಡ್ ಓಯ್ಮನ್ ಮತ್ತು ಬ್ರಯಾನ್ ಲ್ಯೂ ಅವರ 'ಮರ್ಡರ್ ಇನ್ ದ ಫ್ರಂಟ್ ರೋ'. 1980ರ ದಶಕದ ಆರಂಭದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತ ಥ್ರ್ಯಾಶ್ ಮೆಟಲ್ ಹುಟ್ಟುವಾಗ ಇವರಿಬ್ಬರೂ ವೃತ್ತಿಪರರಲ್ಲ, ಮುಂದಿನ ಸಾಲಿನಲ್ಲಿ ನಿಂತು ತಲೆ ಕುಣಿಸುತ್ತಿದ್ದ ಹುಡುಗರು. ಜೊತೆಗೆ ಕ್ಯಾಮೆರಾ ಇತ್ತು, ಅಷ್ಟೆ. ಮೆಟಾಲಿಕಾ, ಎಕ್ಸೊಡಸ್ ತಂಡಗಳನ್ನು ದೊಡ್ಡ ಪತ್ರಿಕೆಗಳು ಇನ್ನೂ ಮೂಸಿಯೂ ನೋಡದ ಕಾಲ. 1983ರ ಮಾರ್ಚ್‌ನಲ್ಲಿ ಕ್ಲಿಫ್ ಬರ್ಟನ್ ಬೇಸ್ ಗಿಟಾರ್ ಹಿಡಿದು ಮೆಟಾಲಿಕಾ ಜೊತೆ ಮೊದಲ ಸಲ ವೇದಿಕೆ ಏರಿದರು. 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನಲ್ಲಿ ಬಸ್ ಮಗುಚಿ ತೀರಿಕೊಂಡರು. ಆಗ ಅವರಿಗೆ 24 ವರ್ಷ. ನಡುವಿನ ಮೂರೂವರೆ ವರ್ಷಗಳ ಬರ್ಟನ್ ನಮಗಿಂದು ಇಷ್ಟು ಹತ್ತಿರದಿಂದ ಕಾಣುತ್ತಿದ್ದರೆ ಅದರ ದೊಡ್ಡ ಪಾಲು ಪುಣ್ಯ ಇಂಥ ಹುಡುಗರದ್ದು.

ಆ ಚಿತ್ರಗಳು ಹಾಗೇಕೆ ಕಾಣುತ್ತವೆ ಎನ್ನುವುದು ಕ್ಯಾಮೆರಾ ಹಿಡಿದ ಮೇಲೆ ಅರ್ಥವಾಯಿತು. ಸಣ್ಣ ಕ್ಲಬ್ಬಿನಲ್ಲಿ ಬೆಳಕು ಸಾಲದು. ಆ ಕಾಲದಲ್ಲಿ ಫೋಟೊಗ್ರಾಫರುಗಳ ಕೈಯಲ್ಲಿ ಸಾಮಾನ್ಯವಾಗಿದ್ದ ಕಪ್ಪುಬಿಳುಪು ಫಿಲ್ಮ್ ಕೊಡ್ಯಾಕ್ ಟ್ರೈ-ಎಕ್ಸ್, ಐಎಸ್‌ಒ 400. ಕುಣಿಯುವ ತಲೆಯನ್ನು ನಿಲ್ಲಿಸಲು ಷಟರ್ ಕನಿಷ್ಠ 1/125 ಸೆಕೆಂಡಾದರೂ ಇರಬೇಕು. ಅದಕ್ಕೆ ಎರಡು ದಾರಿ. ಒಂದು, ಫಿಲ್ಮನ್ನು 1600 ಎಂದೇ ಲೆಕ್ಕ ಹಿಡಿದು ತೆಗೆದು, ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡುವುದು. ಆಗ ಕಾಳುಗಳು ಎದ್ದು ಕಾಣುತ್ತವೆ, ನೆರಳು ಪೂರ್ತಿ ಕಪ್ಪಾಗುತ್ತದೆ. ಇನ್ನೊಂದು, ನೇರ ಫ್ಲ್ಯಾಶ್. ದೂರ ಎರಡರಷ್ಟಾದರೆ ಫ್ಲ್ಯಾಶ್ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಮುಂದಿನ ಮುಖ ಸುಣ್ಣ ಬಳಿದಂತೆ, ಹಿಂದೆ ಕಗ್ಗತ್ತಲು. ಇಂದು ಇದನ್ನು ಥ್ರ್ಯಾಶ್‌ನ 'ಶೈಲಿ' ಎಂದು ಫಿಲ್ಟರ್ ಹಾಕಿ ನಕಲು ಮಾಡುತ್ತಾರೆ. ಅಂದು ಅದು ಬೆಳಕಿನ ಬಡತನ. ಒಂದು ರೋಲಿಗೆ 36 ಚಿತ್ರ, ಪ್ರತಿ ಸಲ ಗುಂಡಿ ಒತ್ತಿದಾಗಲೂ ಖರ್ಚು. ಆದ್ದರಿಂದ ನೋಡಿ ಒತ್ತುತ್ತಿದ್ದರು. ನಾನು ಒಂದು ರಾತ್ರಿಯಲ್ಲಿ ಸಾವಿರ ಚಿತ್ರ ಹೊತ್ತು ಬಂದು ಅರ್ಧದಷ್ಟನ್ನೂ ನೋಡಿಲ್ಲ.

ದೊಡ್ಡ ವೇದಿಕೆಗಳಲ್ಲಿ ಇನ್ನೊಂದು ಪದ್ಧತಿ ಬೆಳೆಯಿತು. ಫೋಟೊಗ್ರಾಫರ್‌ಗೆ ಮೊದಲ ಮೂರು ಹಾಡು ಮಾತ್ರ, ಫ್ಲ್ಯಾಶ್ ಬೇಡ, ಆಮೇಲೆ ಹೊರಗೆ. ಹಾಡುಗಾರನ ಮುಖಕ್ಕೆ ಬೆವರಿಳಿಯುವ ಮೊದಲೇ ಕ್ಯಾಮೆರಾ ಚೀಲ ಸೇರಿರುತ್ತದೆ. ಚಿತ್ರಗಳೆಲ್ಲ ಚೊಕ್ಕ, ಎಲ್ಲವೂ ಒಂದೇ ತರಹ. ಆದ್ದರಿಂದ ಸಾಮಾನಿನ ಬಗ್ಗೆ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟೆ. ಇರುವ ಕ್ಯಾಮೆರಾವನ್ನೇ ಇಟ್ಟುಕೊಳ್ಳಿ, ಎಫ್ 1.8ರ ಒಂದು 50 ಎಂಎಂ ಲೆನ್ಸ್ ತೆಗೆದುಕೊಳ್ಳಿ, ಉಳಿದ ದುಡ್ಡಿನಲ್ಲಿ ಟಿಕೆಟ್ ಕೊಳ್ಳಿ. ಮೂಲೆಯ ಪಬ್ಬಿನಲ್ಲಿ ನುಡಿಸುವ ಸ್ಥಳೀಯ ತಂಡಕ್ಕೆ ನಿಮ್ಮ ಕ್ಯಾಮೆರಾದ ಅಗತ್ಯ ಹೆಚ್ಚು.

ಚಿತ್ರ ಮಾಡುವ ಕೇಡೂ ಈ ಚರಿತ್ರೆಯಲ್ಲಿದೆ. 1992ರ ಜೂನ್‌ನಲ್ಲಿ ನಾರ್ವೆಯ ಬರ್ಗನ್ ಬಳಿಯ ಫಾಂಟಾಫ್ಟ್ ಮರದ ಚರ್ಚು ಸುಟ್ಟುಹೋಯಿತು. ಮರುವರ್ಷ ಬರ್ಝುಮ್ ಎಂಬ ಬ್ಲ್ಯಾಕ್ ಮೆಟಲ್ ಯೋಜನೆಯ 'ಆಸ್ಕೆ' ತಟ್ಟೆಯ ಹೊದಿಕೆಯ ಮೇಲೆ ಅದೇ ಚರ್ಚಿನ ಅವಶೇಷ ಕಾಣಿಸಿಕೊಂಡಿತು. ಆ ಪದದ ಅರ್ಥ ಬೂದಿ. ಅಲ್ಲಿ ಚಿತ್ರ ದಾಖಲೆಯಲ್ಲ, ಜಂಬ. ಆ ಕಾಲದ ಬಗ್ಗೆ ಎಲ್ಲರೂ ಓದುವ 'ಲಾರ್ಡ್ಸ್ ಆಫ್ ಕೇಯಾಸ್' (1998) ನನ್ನ ಅರೆಯಲ್ಲೂ ಇದೆ. ಕುತೂಹಲ ಹುಟ್ಟಿಸುತ್ತದೆ, ಆದರೆ ಅಪರಾಧದ ಹೊಗೆಯಲ್ಲಿ ಸಂಗೀತ ಕಾಣೆಯಾಗುತ್ತದೆ.

ಈಗ ನಮ್ಮ ಕಡೆಗೆ. 2007ರ ಮಾರ್ಚ್ 17, ಶನಿವಾರ, ಬೆಂಗಳೂರಿನ ಅರಮನೆ ಮೈದಾನ. ಐರನ್ ಮೇಡನ್ ಭಾರತಕ್ಕೆ ಮೊದಲ ಸಲ ಬಂದಿತ್ತು. ಹಿಂದಿನ ರಾತ್ರಿ ಪುಣೆಯಿಂದ ಬಸ್ ಹಿಡಿದು ಹೋಗಿದ್ದೆ. ಗೇಟಿನಲ್ಲಿ ಬಿಡಲಾರರೆಂದು ಹೆದರಿ ಕ್ಯಾಮೆರಾವನ್ನು ಗೆಳೆಯನ ರೂಮಿನಲ್ಲೇ ಬಿಟ್ಟೆ. ಕೈಯಲ್ಲಿದ್ದದ್ದು ಎರಡು ಮೆಗಾಪಿಕ್ಸೆಲ್ ಫೋನು. ವೇದಿಕೆಯದೆಂದು ತೆಗೆದ ಏಳು ಚಿತ್ರಗಳಲ್ಲೂ ಇರುವುದು ಒಂದು ಕೆಂಪು ಮುದ್ದೆ. ಆ ಹೊಟ್ಟೆಯುರಿಗೇ ಮುಂದೆ ದುಬಾರಿ ಕ್ಯಾಮೆರಾ ಕೊಂಡೆ.

ಎಂಟನೆಯ ಚಿತ್ರ ಗೇಟಿನ ಹೊರಗೆ ಸಂಜೆಯ ಬೆಳಕಿನಲ್ಲಿ ತೆಗೆದದ್ದು. ಕ್ಯೂನಲ್ಲಿ ನಿಂತ ಒಬ್ಬರ ಕೈಗೆ ಫೋನ್ ಕೊಟ್ಟಿದ್ದೆ. ನಾವು ಐವರು, ಎಲ್ಲರೂ ಕಪ್ಪು ಟಿ-ಶರ್ಟ್. ಅಸಲಿ ಟಿ-ಶರ್ಟ್ ಎಲ್ಲಿ ಸಿಗಬೇಕು, ಪ್ರಿಂಟ್ ಹಾಕಿಸಿದ್ದು. ಒಬ್ಬನ ಎದೆಯ ಮೇಲೆ ಮೇಡನ್‌ನ ಸ್ಪೆಲಿಂಗೇ ತಪ್ಪು. ಹಿಂದೆ ಕಡಲೆಕಾಯಿ ಮಾರುವವನು, ಹೈಸ್ಕೂಲು ಹುಡುಗನ ಕೈ ಹಿಡಿದ ಅಪ್ಪ. ಆ ರಾತ್ರಿ ವೇದಿಕೆಯ ಮೇಲಿದ್ದವರ ಚೊಕ್ಕ ಚಿತ್ರಗಳು ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಕ್ಯಾಸೆಟ್ ಕಾಪಿ ಮಾಡಿಸಿಕೊಂಡು ಕೇಳಿ ಬೆಳೆದ ಹುಡುಗರು ಆ ಸಂಜೆ ಹೇಗಿದ್ದರು ಎಂಬುದಕ್ಕೆ ನನ್ನ ಬಳಿ ಇರುವುದು ಇದೊಂದೇ. ಐವರಲ್ಲಿ ಒಬ್ಬ, ಕಾಲೇಜಿನಲ್ಲಿ ಡ್ರಮ್ಸ್ ನುಡಿಸುತ್ತಿದ್ದವನು, ಈಗಿಲ್ಲ. ಅವನ ತಂಗಿ ಫೋಟೊ ಕೇಳಿದಾಗ ಇದನ್ನೇ ಕಳಿಸಿದೆ. ಅವನು ಡ್ರಮ್ಸ್ ಮುಂದೆ ಕೂತಿದ್ದನ್ನು ನಮ್ಮಲ್ಲಿ ಯಾರೂ ತೆಗೆದಿರಲಿಲ್ಲ.

1993ರಲ್ಲಿ ಅಲಹಾಬಾದಿನಿಂದ ಹೊರಟ 'ರಾಕ್ ಸ್ಟ್ರೀಟ್ ಜರ್ನಲ್' ನಮ್ಮ ದೇಶದ ತಂಡಗಳನ್ನು ಹಿಡಿದಿಟ್ಟಿತು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ಜರ್ಮನಿಯ ವಾಕನ್ ಉತ್ಸವದವರೆಗೂ ಹೋಯಿತು. ಗೆದ್ದವರ ದಾಖಲೆ ಹೇಗೋ ಉಳಿಯುತ್ತದೆ. ಕಾಲೇಜು ಹಬ್ಬದಲ್ಲಿ ಎರಡು ವರ್ಷ ನುಡಿಸಿ ಕೆಲಸ ಸಿಕ್ಕೊಡನೆ ಮುಂಬೈಗೋ ಹೈದರಾಬಾದಿಗೋ ಹೊರಟುಹೋದ ತಂಡಗಳ ದಾಖಲೆ ನಮ್ಮ ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಓಯ್ಮನ್, ಲ್ಯೂ ಅವರ ಚಿತ್ರಗಳು ಪುಸ್ತಕವಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಆಗಿದ್ದು ಅವರು ಎಸೆಯದೆ ಇಟ್ಟುಕೊಂಡಿದ್ದರಿಂದ.

ನಿಮ್ಮಲ್ಲೂ ಅಂಥವಿದ್ದರೆ ಈ ಭಾನುವಾರ ತೆಗೆದು ನೋಡಿ. ದಿನಾಂಕ, ಜಾಗ, ಇದ್ದವರ ಹೆಸರು, ಈ ಮೂರನ್ನು ಬರೆದಿಡಿ. ಕಳೆದ ವಾರ ನಾನೂ ಆ ಎಂಟನೆಯ ಚಿತ್ರವನ್ನು ಪ್ರಿಂಟ್ ಹಾಕಿಸಿ ಹಿಂಬದಿಯಲ್ಲಿ ಹೆಸರು ಬರೆಯಲು ಕೂತೆ. ನಾಲ್ಕು ಹೆಸರು ಬರೆದೆ. ಐದನೆಯವನು ಗೆಳೆಯನ ರೂಮ್‌ಮೇಟ್, ಆ ದಿನವಷ್ಟೇ ನಮ್ಮ ಜೊತೆ ಇದ್ದವನು. ಹೆಸರು ನೆನಪಾಗಲಿಲ್ಲ. ಗೆಳೆಯನಿಗೆ ಫೋನ್ ಮಾಡಿ ಕೇಳಬೇಕು.