ಮಾಯೆಗೂ ಒಂದು ಕಟ್ಟಳೆ

ಕಥೆಯಲ್ಲಿ ಮಾಯೆ ಬಂದಿತೆಂದರೆ ಏನು ಬೇಕಾದರೂ ಆಗಬಹುದು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಏನು ಬೇಕಾದರೂ ಆಗಬಹುದಾದ ಕಡೆ ಕಥೆಯೇ ಹುಟ್ಟುವುದಿಲ್ಲ. ನಾಯಕ ಸೆರೆಯಲ್ಲಿದ್ದಾನೆಂದು ಓದುಗನಿಗೆ ಕಳವಳವಾಗಬೇಕಾದರೆ ಆ ಸೆರೆಯ ಬಾಗಿಲು ಸಿಕ್ಕಿದ ಮಂತ್ರಕ್ಕೆಲ್ಲ ತೆರೆಯುವಂತಿರಬಾರದು. ಯಾರಿಗೆ ತೆರೆಯುತ್ತದೆ, ಯಾವಾಗ ತೆರೆಯುತ್ತದೆ ಎಂಬುದು ಮೊದಲೇ ಗೊತ್ತಾಗಿರಬೇಕು. ಕಲ್ಪಿತ ಲೋಕವನ್ನು ಕಟ್ಟುವವನು ಅದ್ಭುತಗಳನ್ನು ಕೂಡಿಹಾಕುವುದಕ್ಕಿಂತ ಮುಂಚೆ ಅವುಗಳಿಗೆ ಎಲ್ಲೆಯನ್ನು ಗೊತ್ತುಮಾಡಬೇಕಾಗುತ್ತದೆ. ಈ ಎಲ್ಲೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಭಾರತದ ಎರಡು ನಗರಗಳಲ್ಲಿ, ಲಖನೌ ಮತ್ತು ಕಾಶಿಗಳಲ್ಲಿ, ಹೇಗೆ ಸ್ಥಳಾಂತರ ಹೊಂದಿತು ಎಂಬುದನ್ನು ಕುರಿತು ನಾನಿಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೊದಲು ಲಖನೌ. ಉರ್ದುವಿನಲ್ಲಿ ದಾಸ್ತಾನ ಎಂಬ ಕಥನಪ್ರಕಾರವೊಂದಿದೆ. ಅರಮನೆಗಳಲ್ಲಿ, ಸಂತೆಯ ಚೌಕಗಳಲ್ಲಿ ಕಥೆಗಾರರು ಬಾಯಿಂದ ಬಾಯಿಗೆ ಬೆಳೆಸಿದ ಕಥೆ ಅದು. ಅವುಗಳಲ್ಲೆಲ್ಲ ದೊಡ್ಡದು ಅಮೀರ್ ಹಂಜಾನ ದಾಸ್ತಾನ. ಅಕ್ಬರನಿಗೆ ಈ ಕಥೆ ಎಷ್ಟು ಪ್ರಿಯವಾಗಿತ್ತೆಂದರೆ ಅದಕ್ಕೆ ಸುಮಾರು 1,400 ಚಿತ್ರಗಳನ್ನು ಬರೆಯಿಸಿದ. ಇದೇ ದಾಸ್ತಾನದ ಒಂದು ಶಾಖೆಯಾದ ‘ತಿಲಿಸ್ಮ್-ಎ-ಹೋಶ್‌ರುಬಾ’ 1883ರಿಂದ 1893ರವರೆಗೆ ಲಖನೌದ ಮುನ್ಷಿ ನವಲ್ ಕಿಶೋರರ ಮುದ್ರಣಾಲಯದಿಂದ ಏಳು ಸಂಪುಟಗಳಲ್ಲಿ ಹೊರಬಂದಿತು. ಮೊದಲ ನಾಲ್ಕನ್ನು ಬರೆದವರು ಮುಹಮ್ಮದ್ ಹುಸೇನ್ ಜಾಹ್. ಉಳಿದವನ್ನು ಅಹ್ಮದ್ ಹುಸೇನ್ ಖಮರ್.

ತಿಲಿಸ್ಮ್ ಎಂಬ ಮಾತು ಗ್ರೀಕಿನಿಂದ ಅರಬ್ಬಿಗೆ, ಅರಬ್ಬಿಯಿಂದ ಫಾರಸಿಗೆ ಬಂದದ್ದು. ಮಾಯೆಯಿಂದ ಕಟ್ಟಿದ, ಮಾಯೆಯಿಂದಲೇ ಬಂಧಿಸಿದ ಲೋಕ ಎಂದು ಅರ್ಥಮಾಡಿಕೊಂಡರೆ ಸಾಕು. ಹೋಶ್‌ರುಬಾ ಎಂಬ ಈ ತಿಲಿಸ್ಮಿಗೆ ಅಫ್ರಾಸಿಯಾಬನೆಂಬ ಮಾಂತ್ರಿಕ ಚಕ್ರವರ್ತಿ. ಅವನ ರಾಜ್ಯ ಮೂರು ಪಾಲು: ಪ್ರಕಟ, ಗುಪ್ತ, ಮತ್ತು ತಮಸ್ಸು. ಮೊದಲೆರಡರ ನಡುವೆ ರಕ್ತದ ನದಿ ಹರಿಯುತ್ತದೆ. ಇಷ್ಟು ಶಕ್ತಿವಂತನಾದರೂ ಅವನು ಸ್ವತಂತ್ರನಲ್ಲ. ಪ್ರತಿಯೊಂದು ತಿಲಿಸ್ಮಿಗೂ ಒಂದು ಫಲಕವುಂಟು. ಅದನ್ನು ಒಡೆಯುವ ಕ್ರಮ ಆ ಫಲಕದಲ್ಲಿದೆ. ಒಡೆಯುವವನ ಹೆಸರೂ ವಿಧಿಯಿಂದ ನಿಶ್ಚಿತವಾಗಿದೆ. ಇಲ್ಲಿ ಆತ ಹಂಜಾನ ಮೊಮ್ಮಗ ಅಸದ್. ತನ್ನ ಲೋಕ ಒಂದು ದಿನ ಒಡೆಯತಕ್ಕದ್ದು ಎಂದು ಬಲ್ಲ ಚಕ್ರವರ್ತಿಯೊಬ್ಬ ಅದನ್ನು ಉಳಿಸಿಕೊಳ್ಳಲು ಹೆಣಗುವುದೇ ಆ ಏಳು ಸಂಪುಟಗಳ ಕಥೆ. ಎದುರಾಳಿಯ ಪಕ್ಷದಲ್ಲಿ ಅವನಿಗೆ ಹೆಚ್ಚು ತೊಂದರೆ ಕೊಡುವವನು ರಾಜಕುಮಾರನಲ್ಲ, ಅಮರ್ ಎಂಬ ಐಯಾರ. ಎಂದರೆ ವೇಷಗಾರ, ಗೂಢಚಾರ, ಚತುರ. ಇಡೀ ಪಟ್ಟಣಗಳನ್ನೇ ಒಳಗಿಟ್ಟುಕೊಳ್ಳಬಲ್ಲ ಚೀಲವೊಂದು ಅವನ ಬಳಿ ಇದೆ.

ಈಗ ಕಾಶಿಗೆ ಬರೋಣ. ದೇವಕೀನಂದನ ಖತ್ರಿಯವರು 1861ರಲ್ಲಿ ಹುಟ್ಟಿದವರು. ಕಾಶೀ ಮಹಾರಾಜರಿಂದ ಚಕಿಯಾ ಮತ್ತು ನೌಗಢದ ಕಾಡುಗಳ ಗುತ್ತಿಗೆ ಹಿಡಿದು, ಆ ಬೆಟ್ಟಗುಡ್ಡಗಳನ್ನೂ ಪಾಳುಬಿದ್ದ ಕಟ್ಟಡಗಳನ್ನೂ ವರ್ಷಗಟ್ಟಲೆ ಸುತ್ತಿ ನೋಡಿದವರು. ಅವರ ‘ಚಂದ್ರಕಾಂತಾ’ 1888ರ ಸುಮಾರಿಗೆ ಹೊರಬರತೊಡಗಿತು. ನೌಗಢದ ರಾಜಕುಮಾರ ವೀರೇಂದ್ರಸಿಂಹ, ವಿಜಯಗಢದ ರಾಜಕುಮಾರಿ ಚಂದ್ರಕಾಂತೆ; ಇವರ ಪ್ರೇಮಕ್ಕೆ ಅಡ್ಡಬರುವ ಕ್ರೂರಸಿಂಹ, ಅವನಿಗೆ ಬೆಂಬಲವಾಗಿ ಚುನಾರಿನ ಅರಸ ಶಿವದತ್ತ. ಊರುಗಳ ಹೆಸರೆಲ್ಲ ನಿಜ. ಚುನಾರಿನ ಕೋಟೆ ಗಂಗೆಯ ದಡದಲ್ಲಿ ಇಂದಿಗೂ ನಿಂತಿದೆ. ಇದರ ಮುಂದಿನ ಕಥೆ ‘ಚಂದ್ರಕಾಂತಾ ಸಂತತಿ’ 24 ಭಾಗಗಳಿಗೆ ಬೆಳೆಯಿತು.

ಖತ್ರಿಯವರು ದಾಸ್ತಾನದಿಂದ ತಿಲಿಸ್ಮನ್ನು ತಂದರು, ಐಯಾರನನ್ನೂ ತಂದರು. ಆದರೆ ಮಾಂತ್ರಿಕರನ್ನು ಬಾಗಿಲಲ್ಲೇ ತಡೆದರು. ಇದು ಸಣ್ಣ ಬದಲಾವಣೆಯಲ್ಲ. ಅವರ ಐಯಾರನ ಚೀಲದಲ್ಲಿ ಪಟ್ಟಣಗಳಿಲ್ಲ. ಮೂರ್ಛೆ ಬರಿಸುವ ಪುಡಿ, ಮೂರ್ಛೆ ತಿಳಿಸುವ ಮೂಸುವ ಔಷಧಿ, ಮುಖಕ್ಕೆ ಬಳಿಯುವ ಬಣ್ಣ, ಇಂಥವೇ ಇವೆ. ವೇಷ ಎಷ್ಟೇ ಚೆನ್ನಾಗಿರಲಿ, ಮುಖಕ್ಕೆ ನೀರು ಬಿದ್ದರೆ ಬಯಲಾಯಿತು. ಒಬ್ಬ ಐಯಾರ ಇನ್ನೊಬ್ಬ ಐಯಾರನನ್ನು ಸೆರೆಹಿಡಿಯಬಹುದು, ಕೊಲ್ಲಬಾರದು. ಹಿಂದಿನ ಅರಸರು ಇಂಥವರನ್ನು ಆಸ್ಥಾನದಲ್ಲಿ ಇರಿಸಿಕೊಂಡು, ರಕ್ತ ಹರಿಸದೆ ಯುದ್ಧಗಳನ್ನು ಮುಗಿಸುತ್ತಿದ್ದರು ಎಂದು ಮುನ್ನುಡಿಯಲ್ಲಿ ಅವರೇ ಹೇಳುತ್ತಾರೆ.

ತಿಲಿಸ್ಮಿನ ವಿಷಯದಲ್ಲೂ ಹೀಗೆಯೇ. ಅಪಾರ ಧನವಿದ್ದು ವಾರಸುದಾರನಿಲ್ಲದವನು ಜೋಯಿಸರನ್ನು ಕೇಳಿ, ತನ್ನ ವಂಶದಲ್ಲಿ ಮುಂದೆ ಯೋಗ್ಯನಾದವನು ಹುಟ್ಟುವನೆ ಎಂದು ತಿಳಿದು, ಅವನಿಗಾಗಿ ಆ ಧನವನ್ನು ಮುಚ್ಚಿಡುವ ಕಟ್ಟಡವೇ ತಿಲಿಸ್ಮು ಎಂಬ ವಿವರಣೆ ಕಾದಂಬರಿಯ ಕೊನೆಯ ಭಾಗದಲ್ಲಿ ಬರುತ್ತದೆ. ಎದುರಿಗೆ ಬಂದವರನ್ನು ನುಂಗಿಬಿಡುವ ಅಮೃತಶಿಲೆಯ ಕೊಕ್ಕರೆಯೊಂದು ಕಥೆಯಲ್ಲಿದೆ. ಓದುತ್ತಿರುವಾಗ ಮೈ ಜುಮ್ಮೆನ್ನುತ್ತದೆ. ಆಮೇಲೆ ನೋಡಿದರೆ ಅದು ಯಂತ್ರದ, ಔಷಧಿಯ ಕೆಲಸ. ‘ಸಂತತಿ’ಯಲ್ಲಿ ಬರುವ ಕಠಾರಿಯೊಂದು ಮಿಂಚಿನಂತೆ ಬೆಳಗುತ್ತದೆ, ತಾಗಿದವನನ್ನು ಮೂರ್ಛೆಗೆ ಕೆಡವುತ್ತದೆ; ಆದರೆ ಅದಕ್ಕೆ ಜೋಡಿಯಾದ ಉಂಗುರ ಬೆರಳಲ್ಲಿಲ್ಲದಿದ್ದರೆ ಹಿಡಿದವನಿಗೇ ಆ ಗತಿ. ರೈಲು, ತಂತಿಗಳು ಬಂದ ಕಾಲದ ಓದುಗನಿಗೆ ಈ ಬಗೆಯ ಅದ್ಭುತ ನಂಬಲು ಹತ್ತಿರವಾಗಿತ್ತು.

ಇದರಲ್ಲಿ ನಷ್ಟವೇನೂ ಇಲ್ಲವೆ? ಇದೆ. ದಾಸ್ತಾನದ ಅಗಾಧತೆ, ಅದರ ಹಾಸ್ಯ, ಚಕ್ರವರ್ತಿಯನ್ನೇ ಎದುರುಹಾಕಿಕೊಂಡು ಶತ್ರುಪಕ್ಷ ಸೇರುವ ಮಾಂತ್ರಿಕೆಯರ ದಿಟ್ಟತನ, ಇವು ಖತ್ರಿಯವರಲ್ಲಿ ಸಿಗುವುದಿಲ್ಲ. ಎಲ್ಲ ರಹಸ್ಯಕ್ಕೂ ಕೀಲು ತೋರಿಸಿದ ಮೇಲೆ ಮನಸ್ಸಿಗೆ ಸಮಾಧಾನವಾಗುತ್ತದೆ, ಆದರೆ ವಿಸ್ಮಯ ಸ್ವಲ್ಪ ಕುಗ್ಗುತ್ತದೆ. ಹಿಂದೀ ಸಾಹಿತ್ಯದ ಇತಿಹಾಸವನ್ನು ಬರೆದ ರಾಮಚಂದ್ರ ಶುಕ್ಲರು ಈ ಕಾದಂಬರಿಗಳಲ್ಲಿ ಘಟನೆಯೇ ಮುಖ್ಯ, ರಸವೂ ಪಾತ್ರಚಿತ್ರಣವೂ ಇಲ್ಲ ಎಂದು ಅವನ್ನು ಸಾಹಿತ್ಯದ ಪಂಕ್ತಿಯಿಂದ ಹೊರಗಿಟ್ಟರು. ಆದರೆ ಹಿಂದಿಗೆ ಇಷ್ಟು ಓದುಗರನ್ನು ಗಳಿಸಿಕೊಟ್ಟವರು ಬೇರೊಬ್ಬರಿಲ್ಲ, ಎಷ್ಟೋ ಮಂದಿ ಇದನ್ನು ಓದಲೆಂದೇ ಹಿಂದಿ ಕಲಿತರು ಎಂಬುದನ್ನೂ ಅವರೇ ಒಪ್ಪಿಕೊಂಡರು.

ಪಾತ್ರವಿಲ್ಲ ಎಂಬ ಮಾತು ರಾಜಕುಮಾರರ ಮಟ್ಟಿಗೆ ನಿಜ. ಭೂತನಾಥನ ಮಟ್ಟಿಗೆ ಸಲ್ಲದೆಂದು ನನ್ನ ಎಣಿಕೆ. ‘ಸಂತತಿ’ಯಲ್ಲಿ ಬರುವ ಈ ಐಯಾರ ಹಿಂದೆ ಪಾತಕಗಳನ್ನು ಮಾಡಿದ್ದಾನೆ, ಈಗ ಸನ್ಮಾರ್ಗಕ್ಕೆ ಬರಬೇಕೆನ್ನುತ್ತಾನೆ, ಆದರೆ ಹಳೆಯದು ಬಯಲಾಗುವುದೆಂಬ ಭಯ ಅವನನ್ನು ಹೊಸ ತಪ್ಪುಗಳಿಗೆ ತಳ್ಳುತ್ತದೆ. ಯಾರ ಮುಖವನ್ನು ಬೇಕಾದರೂ ಧರಿಸಬಲ್ಲ ಲೋಕದಲ್ಲಿ, ತಾನು ಮಾಡಿದ್ದನ್ನು ಮಾತ್ರ ಬಣ್ಣ ಬಳಿದು ಮರೆಸಲಾಗದ ಮನುಷ್ಯ ಅವನು. ಈ ಪಾತ್ರ ಆ ಲೋಕದ ಕಟ್ಟಳೆಯಿಂದಲೇ ಹುಟ್ಟಿದೆ. ವೇಷಕ್ಕೆ ಎಲ್ಲೆಯಿಲ್ಲದಿದ್ದರೆ ಭೂತನಾಥನಿಗೆ ಭಯವೂ ಇರುತ್ತಿರಲಿಲ್ಲ, ನಮಗೆ ಅವನಲ್ಲಿ ಮರುಕವೂ ಹುಟ್ಟುತ್ತಿರಲಿಲ್ಲ. ಖತ್ರಿಯವರು ಅವನ ಹೆಸರಿನಲ್ಲೇ ಬೇರೊಂದು ಕಾದಂಬರಿಯನ್ನು ಆರಂಭಿಸಿ, ಅದು ಮುಗಿಯುವ ಮುನ್ನ 1913ರಲ್ಲಿ ತೀರಿಕೊಂಡರು. ಅವರ ಮಗ ದುರ್ಗಾಪ್ರಸಾದ ಖತ್ರಿ ಅದನ್ನು ಪೂರ್ಣಗೊಳಿಸಿದರು.

ಕೊನೆಯದಾಗಿ ಒಂದು ಮಾತು. ವೀರೇಂದ್ರಸಿಂಹ ತಿಲಿಸ್ಮನ್ನು ಒಡೆಯುವುದು ಕತ್ತಿಯಿಂದಲ್ಲ. ಒಡೆಯುವ ಕ್ರಮವನ್ನು ತಿಳಿಸುವ ಗ್ರಂಥವೊಂದು ಕೈಗೆ ಸಿಕ್ಕಿ, ಅದನ್ನು ಓದಿದ ಮೇಲೆ. ಹೋಶ್‌ರುಬಾದ ಫಲಕವೂ ಓದತಕ್ಕದ್ದೇ. ಈ ಕಥೆ ಬಂದ ಕಾಲದಲ್ಲಿ ನಾಗರೀ ಲಿಪಿಗೆ ಆ ಪ್ರಾಂತದ ನ್ಯಾಯಾಲಯಗಳಲ್ಲಿ ಸ್ಥಾನವಿರಲಿಲ್ಲ. ಸರ್ಕಾರ ಅದಕ್ಕೆ ಅನುಮತಿಯಿತ್ತದ್ದು 1900ರಲ್ಲಿ. ಅಂಥ ದಿನಗಳಲ್ಲಿ ಅಂಗಡಿಯವರು, ಗುಮಾಸ್ತರು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ‘ಚಂದ್ರಕಾಂತಾ’ ಓದಲು ಕುಳಿತರು. ಕಥೆಯ ಒಳಗೆ ನಿಧಿ ಒಂದೇ ವಂಶದ ಸ್ವತ್ತು; ಬೇರೆಯವರಿಗೆ ಬಾಗಿಲು ತೆರೆಯುವುದಿಲ್ಲ. ಕಥೆಯ ಹೊರಗೆ, ನಾಲ್ಕು ಅಕ್ಷರ ಕಲಿತವರಿಗೆಲ್ಲ ಅದು ತೆರೆಯಿತು. ಪಂಡಿತರ ಪಂಕ್ತಿಯಲ್ಲಿ ಎಡೆ ಸಿಕ್ಕದ ಪುಸ್ತಕವೊಂದು ಒಂದು ಭಾಷೆಗೆ ಅದರ ವಾರಸುದಾರರನ್ನು ಕರೆತಂದುಕೊಟ್ಟಿತು. ಸಾಹಿತ್ಯದ ಇತಿಹಾಸದಲ್ಲಿ ಇದು ಅಲ್ಪವಾದ ಸೇವೆಯೆಂದು ಹೇಳಲು ನನಗೆ ಮನಸ್ಸು ಬಾರದು.