ಕಂಠ ಬದಲಾದರೂ ಮೇಳ ಉಳಿಯುವ ಬಗೆ: ಅಮೆರಿಕದ ಕಂಟ್ರಿ ಗಾಯನವೃಂದಗಳು

ನಾಲ್ವರು ಗಾಯಕರ ಓಕ್ ರಿಡ್ಜ್ ಬಾಯ್ಸ್ ತಂಡದ ಕಛೇರಿಯಲ್ಲಿ ಜನ ಕಾದು ಕೂರುವುದು ‘ಎಲ್ವಿರಾ’ ಹಾಡಿಗೆ. ಅದರಲ್ಲೂ ತಂಡದ ಬಾಸ್ ಗಾಯಕ ರಿಚರ್ಡ್ ಸ್ಟರ್ಬನ್ ಮಂದ್ರಕ್ಕಿಳಿದು, ಅರ್ಥವಿಲ್ಲದ ಒಂದಿಷ್ಟು ಅಕ್ಷರಗಳನ್ನು ಲಯಕ್ಕೆ ಕೂರಿಸುವ ಗಳಿಗೆಗೆ. ಡಲ್ಲಾಸ್ ಫ್ರೇಜರ್ ಈ ಗೀತೆಯನ್ನು ತಾವೇ ಬರೆದು 1966ರಲ್ಲಿ ಹಾಡಿದ್ದರು. ಆಗ ಅದು ದೊಡ್ಡ ಹೆಸರು ಮಾಡಲಿಲ್ಲ. 1981ರಲ್ಲಿ ಈ ನಾಲ್ವರು ಹಾಡಿದಾಗ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಪಾಪ್ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೂ ಏರಿತು. ಈ ಯಶಸ್ಸಿನಲ್ಲಿ ದೊಡ್ಡ ಪಾಲು ಕಂಠಗಳ ಹಂಚಿಕೆಯದು. ಇಂಥ ತಂಡಗಳು ದಶಕಗಟ್ಟಲೆ ಬಾಳುವುದರ ಗುಟ್ಟೂ ಅದೇ ಹಂಚಿಕೆಯಲ್ಲಿದೆ ಎಂಬುದು ಈ ಲೇಖನದ ವಾದ.

ಹಂಚಿಕೆಯ ಬೇರು ಚರ್ಚಿನ ಗಾಯನದಲ್ಲಿದೆ. ಟೆನೆಸಿಯ ಲಾರೆನ್ಸ್‌ಬರ್ಗ್‌ನ ಪ್ರಕಾಶಕ ಜೇಮ್ಸ್ ಡಿ. ವಾನ್ 1910ರಲ್ಲಿ ತಮ್ಮ ಭಕ್ತಿಗೀತೆಗಳ ಪುಸ್ತಕಗಳ ಪ್ರಚಾರಕ್ಕೆಂದು ನಾಲ್ವರು ಗಂಡಸರ ತಂಡವೊಂದನ್ನು ಊರೂರಿಗೆ ಕಳಿಸಿದರು. ಎತ್ತರದ ಟೆನರ್, ಮುಖ್ಯ ರಾಗದ ಲೀಡ್, ನಡುವಿನ ಬ್ಯಾರಿಟೋನ್, ಮಂದ್ರದ ಬಾಸ್: ನಾಲ್ಕು ದನಿ, ನಾಲ್ಕು ಜಾಗ. ಪ್ರತಿ ದನಿಯ ಸ್ವರವೂ ಪುಸ್ತಕದಲ್ಲಿ ಬರೆದೇ ಇರುತ್ತಿತ್ತು. ಒಬ್ಬ ಬಿಟ್ಟುಹೋದರೆ ಆ ಸಾಲು ಹಾಡಬಲ್ಲ ಇನ್ನೊಬ್ಬ ಬಂದು ನಿಲ್ಲಬಹುದಿತ್ತು. ಅಮೆರಿಕದ ದಕ್ಷಿಣದ ಗಾಸ್ಪೆಲ್ ಕ್ವಾರ್ಟೆಟ್‌ಗಳು, ಅಂದರೆ ಕ್ರೈಸ್ತ ಭಕ್ತಿಗೀತೆ ಹಾಡುವ ನಾಲ್ವರ ತಂಡಗಳು, ಬೆಳೆದದ್ದು ಈ ಪದ್ಧತಿಯಲ್ಲಿ.

ಓಕ್ ರಿಡ್ಜ್ ಬಾಯ್ಸ್ ಅದಕ್ಕೆ ಸ್ಪಷ್ಟ ನಿದರ್ಶನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಲಿ ಫೌಲರ್ ಅವರ ತಂಡ ಟೆನೆಸಿಯ ಓಕ್ ರಿಡ್ಜ್‌ಗೆ ಹೋಗಿ, ಅಣುಬಾಂಬ್ ಯೋಜನೆಯ ಕೆಲಸಗಾರರ ಮುಂದೆ ಹಾಡುತ್ತಿತ್ತು. ಹೆಸರು ಬಂದದ್ದು ಆ ಊರಿನಿಂದ. ಜಗತ್ತಿಗೆ ಪರಿಚಿತರಾದ ನಾಲ್ವರಲ್ಲಿ ಮೂಲದವರು ಒಬ್ಬರೂ ಇಲ್ಲ. ವಿಲಿಯಂ ಲೀ ಗೋಲ್ಡನ್ 1965ರಲ್ಲಿ, ಡ್ವೇನ್ ಆಲನ್ 1966ರಲ್ಲಿ, ಸ್ಟರ್ಬನ್ 1972ರಲ್ಲಿ, ಜೋ ಬಾನ್ಸಲ್ 1973ರಲ್ಲಿ ಸೇರಿದವರು. 1987ರಲ್ಲಿ ಗೋಲ್ಡನ್‌ರನ್ನು ಹೊರಗಿಟ್ಟಾಗ, ತಂಡಕ್ಕೆ ಗಿಟಾರ್ ನುಡಿಸುತ್ತಿದ್ದ ಸ್ಟೀವ್ ಸ್ಯಾಂಡರ್ಸ್ ಬ್ಯಾರಿಟೋನ್ ಜಾಗಕ್ಕೆ ಬಂದರು. ಸುಮಾರು ಎಂಟು ವರ್ಷಗಳ ಮೇಲೆ ಗೋಲ್ಡನ್ ಮರಳಿದರು. 2024ರ ಜನವರಿಯಲ್ಲಿ ಬಾನ್ಸಲ್ ಕಾಯಿಲೆಯಿಂದಾಗಿ ನಿವೃತ್ತರಾದಾಗ ಬೆನ್ ಜೇಮ್ಸ್ ಟೆನರ್ ಹಾಡಲು ನಿಂತರು. ಜುಲೈನಲ್ಲಿ ಬಾನ್ಸಲ್ ತೀರಿಕೊಂಡರು. ಐವತ್ತು ವರ್ಷ ಕೇಳಿದ ದನಿ ಇಲ್ಲವಾದ ನೋವು ಅಭಿಮಾನಿಗಳಿಗೆ ಇದ್ದೇ ಇದೆ. ಆದರೂ ನಾಲ್ಕು ದನಿಯ ಹಾಡಿಕೆ ನಿಲ್ಲಲಿಲ್ಲ.

ಹೊಸ ಕಂಠ ಹಳೆಯದರ ನೆರಳಾಗಿಯೇ ಉಳಿಯಬೇಕೆಂದಿಲ್ಲ. ವರ್ಜೀನಿಯಾದ ಸ್ಟಾಂಟನ್‌ನ ಸ್ಟ್ಯಾಟ್ಲರ್ ಬ್ರದರ್ಸ್ ತಂಡದ ಟೆನರ್ ಲೂ ಡಿವಿಟ್ ಅನಾರೋಗ್ಯದಿಂದ ಹಿಂದೆ ಸರಿದಾಗ, 1982ರಲ್ಲಿ ಜಿಮ್ಮಿ ಫಾರ್ಚೂನ್ ಬಂದರು. ಅವರೇ ಬರೆದ ‘ಎಲಿಜಬೆತ್’ ತಂಡಕ್ಕೆ ಕಂಟ್ರಿ ಪಟ್ಟಿಯ ಮೊದಲ ಸ್ಥಾನ ತಂದಿತು.

ಅಲಬಾಮಾ ಬ್ಯಾಂಡಿನ ಕಥೆ ಬೇರೆ. ಫೋರ್ಟ್ ಪೇಯ್ನ್ ಊರಿನ ರ‍್ಯಾಂಡಿ ಓವೆನ್, ಟೆಡ್ಡಿ ಜೆಂಟ್ರಿ, ಜೆಫ್ ಕುಕ್ ಬಂಧುಗಳು. 1970ರ ದಶಕದಲ್ಲಿ ಮರ್ಟಲ್ ಬೀಚ್‌ನ ಬೋವರಿ ಎಂಬ ಬಾರಿನಲ್ಲಿ ಗಿರಾಕಿಗಳು ಕೊಡುವ ಟಿಪ್ಸ್ ನಂಬಿಕೊಂಡು ನುಡಿಸಿದವರು. ಇಲ್ಲಿ ಕಂಠದ ಜೊತೆಗೆ ವಾದ್ಯವೂ ಅವರದೇ: ಓವೆನ್‌ರ ಮುಖ್ಯ ಗಾಯನ, ಜೆಂಟ್ರಿಯ ಬಾಸ್ ಗಿಟಾರ್, ಕುಕ್‌ರ ಗಿಟಾರ್ ಮತ್ತು ಪಿಟೀಲು. ಪಾರ್ಕಿನ್ಸನ್ಸ್ ಕಾಯಿಲೆಯಿಂದ ಬಳಲುತ್ತಿದ್ದ ಕುಕ್ 2022ರಲ್ಲಿ ನಿಧನರಾದರು. ಅವರ ವಾದ್ಯವನ್ನು ಬೇರೆಯವರು ನುಡಿಸಬಹುದು; ಆ ನೆಂಟಸ್ತನವನ್ನು ಯಾರೂ ತುಂಬಲಾರರು. ಹಾಗಾಗಿ ವೇದಿಕೆಯ ಮುಂಭಾಗದಲ್ಲಿ ತಂಡವಾಗಿ ಉಳಿದವರು ಓವೆನ್ ಮತ್ತು ಜೆಂಟ್ರಿ ಇಬ್ಬರೇ.

ಎರಡೂ ಬಗೆಯ ತಂಡಗಳು ಒಂದೇ ಸಂಜೆ ಹಾಡಿದಾಗ ಈ ಅಂತರ ಗಮನಿಸಬೇಕಾದದ್ದು. ಕ್ವಾರ್ಟೆಟ್‌ನಲ್ಲಿ ಕಿವಿ ನಾಲ್ಕು ಸಾಲುಗಳ ಸಮತೋಲವನ್ನು ಅರಸುತ್ತದೆ, ಬ್ಯಾಂಡಿನಲ್ಲಿ ಪರಿಚಿತ ವ್ಯಕ್ತಿಯನ್ನು. ಆದರೆ ಜಾಗ ತುಂಬಬಲ್ಲ ತಂಡವೆಲ್ಲ ತುಂಬಿಯೇ ತೀರುವುದಿಲ್ಲ. ಒಮ್ಮೆ ಹೊಸ ಟೆನರನ್ನು ತಂದು ಗೆದ್ದ ಸ್ಟ್ಯಾಟ್ಲರ್ ಬ್ರದರ್ಸ್ 2002ರ ಅಕ್ಟೋಬರ್ 26ರಂದು ವರ್ಜೀನಿಯಾದ ಸೇಲಂನಲ್ಲಿ ಕೊನೆಯ ಕಛೇರಿ ನಡೆಸಿ, ತಾವಾಗಿಯೇ ತಂಡವನ್ನು ಮುಗಿಸಿದರು.